ರದ್ದಾದ ವೈಟ್‌ಫೀಲ್ಡ್, ಪೂರ್ಣಗೊಂಡ ಡನಿಂಗ್‌ಟನ್: ಪ್ರೊಸೆಸರ್ ಪೈಪೋಟಿಯ ನಡುವೆ ಬೆಂಗಳೂರಿನ ಒಂದು ವಿನ್ಯಾಸ ಕೇಂದ್ರ

2005ರ ಅಕ್ಟೋಬರ್ ತಿಂಗಳಲ್ಲಿ ಇಂಟೆಲ್ ತನ್ನ ಸರ್ವರ್ ಪ್ರೊಸೆಸರ್‌ಗಳ ಮುಂದಿನ ಯೋಜನಾಪಟ್ಟಿಯನ್ನು ತಿದ್ದಿ ಪ್ರಕಟಿಸಿತು. ಬೆಂಗಳೂರಿನಲ್ಲಿ ವಿನ್ಯಾಸದ ಹಂತದಲ್ಲಿದ್ದ, ನಗರದ ಪೂರ್ವಭಾಗದ ಬಡಾವಣೆಯ ಹೆಸರನ್ನೇ ಸಂಕೇತನಾಮವಾಗಿ ಪಡೆದಿದ್ದ ‘ವೈಟ್‌ಫೀಲ್ಡ್’ ಪ್ರೊಸೆಸರ್ ಆ ಪಟ್ಟಿಯಿಂದ ಬಿದ್ದುಹೋಯಿತು. ಮೂರು ವರ್ಷ ತುಂಬುವ ಮೊದಲೇ, 2008ರ ಸೆಪ್ಟೆಂಬರ್‌ನಲ್ಲಿ, ಅದೇ ಬೆಂಗಳೂರು ಕೇಂದ್ರದಲ್ಲಿ ವಿನ್ಯಾಸಗೊಂಡ ‘ಡನಿಂಗ್‌ಟನ್’ ಎಂಬ ಆರು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಪ್ರೊಸೆಸರ್, ಇಂಟೆಲ್‌ನ ಸರ್ವರ್ ಪ್ರೊಸೆಸರ್‌ಗಳ ಸಾಲಾದ ಜಿಯಾನ್‌ನಲ್ಲಿ, ಜಿಯಾನ್ 7400 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಮೊದಲನೆಯದು ಏಕೆ ನಿಂತಿತು, ಎರಡನೆಯದು ಏಕೆ ದಡ ಸೇರಿತು, ಈ ಎರಡರ ಮೇಲೂ ಎದುರಾಳಿ ಕಂಪನಿಯಾದ ಎಎಂಡಿಯ ನಡೆಗಳು ಎಷ್ಟರಮಟ್ಟಿಗೆ ಪ್ರಭಾವ ಬೀರಿದವು ಎಂಬುದು ಈ ಅಧ್ಯಯನದ ವಿಷಯ.

ಕಂಪನಿಗಳ ಮತ್ತು ಚಿಪ್‌ಗಳ ಹೆಸರುಗಳು ಸಾರ್ವಜನಿಕ ದಾಖಲೆಯಲ್ಲಿ ಇರುವುದರಿಂದ ಅವನ್ನು ಹಾಗೆಯೇ ಬಳಸಲಾಗಿದೆ. ವಿನ್ಯಾಸ ತಂಡದ ಎಂಜಿನಿಯರ್‌ಗಳು, ನಿರ್ಧಾರ ಕೈಗೊಂಡ ಅಧಿಕಾರಿಗಳು, ಈ ಪ್ರೊಸೆಸರ್‌ಗಳನ್ನು ಕೊಂಡ ಸರ್ವರ್ ತಯಾರಕರು ಇವರಲ್ಲಿ ಯಾರನ್ನೂ ಇಲ್ಲಿ ಗುರುತಿಸಿಲ್ಲ. ಇಂಥ ಪ್ರಕರಣಗಳಲ್ಲಿ ವ್ಯಕ್ತಿಗಳ ಹೆಸರು ಸೇರಿದ ಕೂಡಲೇ ಓದುಗರ ಗಮನ ತಪ್ಪು ಯಾರದು ಎಂಬ ಕಡೆಗೆ ಹೊರಳುತ್ತದೆ. ನಿರ್ಧಾರ ಕೈಗೊಂಡ ಹೊತ್ತಿನಲ್ಲಿ ಅವರ ಮುಂದೆ ಯಾವ ಆಯ್ಕೆಗಳಿದ್ದವು ಎಂಬ ಮುಖ್ಯ ಪ್ರಶ್ನೆ ಹಿಂದೆ ಸರಿಯುತ್ತದೆ.

ಹಿನ್ನೆಲೆ

2003ರ ಏಪ್ರಿಲ್‌ನಲ್ಲಿ ಎಎಂಡಿ ಬಿಡುಗಡೆ ಮಾಡಿದ ಆಪ್ಟೆರಾನ್ ಪ್ರೊಸೆಸರ್ ಸರ್ವರ್ ಮಾರುಕಟ್ಟೆಯ ಲೆಕ್ಕಾಚಾರವನ್ನೇ ಬದಲಿಸಿತು. ಅಲ್ಲಿಯವರೆಗೆ 64 ಬಿಟ್ ಕಂಪ್ಯೂಟಿಂಗ್ (ಮಾಹಿತಿಯನ್ನು ಒಂದು ಸಲಕ್ಕೆ 64 ಬಿಟ್‌ಗಳಂತೆ ನಿಭಾಯಿಸುವುದು) ಎಂದರೆ ಇಂಟೆಲ್‌ನ ಉತ್ತರ ಇಟಾನಿಯಂ ಆಗಿತ್ತು. ಎಚ್‌ಪಿ ಜೊತೆಗೂಡಿ 1994ರಲ್ಲಿ ಆರಂಭಿಸಿ, 2001ರಲ್ಲಿ ಮಾರುಕಟ್ಟೆಗೆ ತಂದ ಇಟಾನಿಯಂ ಬಹುತೇಕ ಪಿಸಿಗಳು ಬಳಸುವ ಎಕ್ಸ್86 ಎಂಬ ಹಳೆಯ ಆದೇಶಗಳ ಪರಂಪರೆಯನ್ನು ಬದಿಗಿಟ್ಟು ಹೊಸದಾಗಿ ರೂಪಿಸಿದ ಆದೇಶಗಳ ಮೇಲೆ ನಿಂತಿತ್ತು. ಅದರ ಪೂರ್ಣ ಲಾಭ ಪಡೆಯಲು ತಂತ್ರಾಂಶಗಳನ್ನು ಅದಕ್ಕೆಂದೇ ಮತ್ತೆ ಸಿದ್ಧಪಡಿಸಬೇಕಿತ್ತು. ಎಎಂಡಿ ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ಇದ್ದ ಎಕ್ಸ್86 ಆದೇಶಗಳನ್ನೇ 64 ಬಿಟ್‌ಗೆ ವಿಸ್ತರಿಸಿತು. ಹಳೆಯ ತಂತ್ರಾಂಶ ಇದ್ದ ಹಾಗೆಯೇ, ಇದ್ದ ವೇಗದಲ್ಲೇ ಓಡುತ್ತಿತ್ತು. ಹೊಸದನ್ನು ಬೇಕಾದಾಗ ಸೇರಿಸಿಕೊಳ್ಳಬಹುದಿತ್ತು. 2004ರಲ್ಲಿ ಇಂಟೆಲ್ ಕೂಡ ತನ್ನ ಜಿಯಾನ್ ಪ್ರೊಸೆಸರ್‌ಗಳಲ್ಲಿ ಇದೇ ವಿಸ್ತರಣೆಯನ್ನು ಅಳವಡಿಸಿಕೊಳ್ಳಬೇಕಾಯಿತು.

ಆದರೆ ನಮ್ಮ ಪ್ರಕರಣಕ್ಕೆ ಇದಕ್ಕಿಂತ ಮುಖ್ಯವಾದದ್ದು ಆಪ್ಟೆರಾನ್‌ನ ಇನ್ನೊಂದು ಗುಣ. ಅದರಲ್ಲಿ ಮೆಮೊರಿಯ ಜೊತೆಗಿನ ವ್ಯವಹಾರ ನೋಡಿಕೊಳ್ಳುವ ಮೆಮೊರಿ ಕಂಟ್ರೋಲರ್ ಪ್ರೊಸೆಸರ್‌ನ ಒಳಗೇ ಇತ್ತು, ಮತ್ತು ಪ್ರೊಸೆಸರ್‌ಗಳು ಹೈಪರ್‌ಟ್ರಾನ್ಸ್‌ಪೋರ್ಟ್ ಎಂಬ ಕೊಂಡಿಗಳ ಮೂಲಕ ಪರಸ್ಪರ ನೇರವಾಗಿ ಮಾತಾಡುತ್ತಿದ್ದವು. ನಾಲ್ಕು ಪ್ರೊಸೆಸರ್‌ಗಳ ಸರ್ವರ್‌ನಲ್ಲಿ ಪ್ರತಿಯೊಂದಕ್ಕೂ ತನ್ನದೇ ಮೆಮೊರಿ ಸಾಲು ಇರುತ್ತಿದ್ದುದರಿಂದ, ಹೊಸ ಪ್ರೊಸೆಸರ್ ಸೇರಿಸಿದಾಗಲೆಲ್ಲ ಮೆಮೊರಿಯಿಂದ ಮಾಹಿತಿ ಹರಿಯುವ ಒಟ್ಟು ಸಾಮರ್ಥ್ಯವೂ ಹೆಚ್ಚುತ್ತಿತ್ತು. ಇಂಟೆಲ್‌ನ ಆಗಿನ ವ್ಯವಸ್ಥೆಯಲ್ಲಿ ಮೆಮೊರಿ ಕಂಟ್ರೋಲರ್ ಹೊರಗಿನ ಚಿಪ್‌ಸೆಟ್‌ನಲ್ಲಿ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್‌ಗಳಲ್ಲಿ) ಇದ್ದು, ನಾಲ್ಕು ಪ್ರೊಸೆಸರ್‌ಗಳೂ ಫ್ರಂಟ್ ಸೈಡ್ ಬಸ್ ಎಂಬ ಒಂದೇ ಮಾರ್ಗವನ್ನು ಹಂಚಿಕೊಳ್ಳುತ್ತಿದ್ದವು. ವಠಾರದ ನಾಲ್ಕು ಮನೆಗೆ ಒಂದೇ ನಲ್ಲಿ ಇದ್ದಂತೆ: ಮನೆಯ ಕೊಡ ಎಷ್ಟೇ ದೊಡ್ಡದಿದ್ದರೂ ಸರದಿ ಕಾಯುವುದು ತಪ್ಪುತ್ತಿರಲಿಲ್ಲ.

ಇದರ ಪರಿಣಾಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಸ್‌ನ ಮೇಲೆ ಮೆಮೊರಿಯ ಮಾಹಿತಿಯಷ್ಟೇ ಓಡಾಡುವುದಿಲ್ಲ. ಒಂದು ಪ್ರೊಸೆಸರ್ ಯಾವುದೋ ಮಾಹಿತಿಯನ್ನು ಬದಲಿಸಲು ಹೊರಟಾಗ, ಅದೇ ಮಾಹಿತಿಯ ಪ್ರತಿ ಉಳಿದ ಮೂವರ ಕ್ಯಾಷ್‌ನಲ್ಲಿ (ಪ್ರೊಸೆಸರ್ ಒಳಗಿನ ಚಿಕ್ಕ, ವೇಗದ ಮೆಮೊರಿಯಲ್ಲಿ) ಇದೆಯೇ ಎಂದು ಕೇಳಬೇಕಾಗುತ್ತದೆ. ಈ ವಿಚಾರಣೆಯೂ ಅದೇ ಬಸ್‌ನ ಮೇಲೆ ಸಾಗುತ್ತದೆ. ಕೋರ್‌ಗಳ ಸಂಖ್ಯೆ ಹೆಚ್ಚಿದಂತೆ ವಿಚಾರಣೆಗಳೂ ಹೆಚ್ಚುತ್ತವೆ. ಒಂದೊಂದು ಪ್ರೊಸೆಸರ್‌ನಲ್ಲಿ ಒಂದೊಂದೇ ಕೋರ್ ಇದ್ದಾಗ ಹೇಗೋ ಸಾಗುತ್ತಿದ್ದ ವ್ಯವಸ್ಥೆ, ಎರಡು ನಾಲ್ಕು ಕೋರ್‌ಗಳ ಕಾಲ ಬಂದಾಗ ಉಸಿರುಕಟ್ಟುವುದು ಖಚಿತವಾಗಿತ್ತು. 2005ರ ಏಪ್ರಿಲ್‌ನಲ್ಲಿ ಎಎಂಡಿ ಎರಡು ಕೋರ್‌ಗಳ ಆಪ್ಟೆರಾನನ್ನು ಹಳೆಯ ಸಾಕೆಟ್‌ಗೇ (ಪ್ರೊಸೆಸರ್ ಕೂರುವ ಜಾಗಕ್ಕೇ) ಹೊಂದುವಂತೆ ತಂದಾಗ ಈ ಅಂತರ ಎಲ್ಲರಿಗೂ ಕಾಣಿಸಿತು. 2006ರ ಹೊತ್ತಿಗೆ ಎಕ್ಸ್86 ಸರ್ವರ್ ಪ್ರೊಸೆಸರ್‌ಗಳಲ್ಲಿ ಎಎಂಡಿಯ ಪಾಲು ಸುಮಾರು ಕಾಲು ಭಾಗಕ್ಕೆ ಏರಿತ್ತು, ಮತ್ತು ಬಹುಕಾಲ ಇಂಟೆಲ್ ಪ್ರೊಸೆಸರ್‌ಗಳನ್ನಷ್ಟೇ ಬಳಸುತ್ತಿದ್ದ ಅಮೆರಿಕದ ದೊಡ್ಡ ಕಂಪ್ಯೂಟರ್ ಕಂಪನಿಯೊಂದು ಆ ವರ್ಷದ ಮೇ ತಿಂಗಳಲ್ಲಿ ಆಪ್ಟೆರಾನ್ ಸರ್ವರ್ ತರುವುದಾಗಿ ಘೋಷಿಸಿತು.

ವೈಟ್‌ಫೀಲ್ಡ್: ಒಂದು ಚಿಪ್, ಎರಡು ಗುರಿ

ಈ ಸಮಸ್ಯೆಗೆ ಇಂಟೆಲ್ ಆಗ ಕೊಡಹೊರಟ ಉತ್ತರದಲ್ಲಿ ಬೆಂಗಳೂರಿನ ಪಾಲು ದೊಡ್ಡದಿತ್ತು. ವೈಟ್‌ಫೀಲ್ಡ್ ಎಂಬುದು ನಾಲ್ಕು ಅಥವಾ ಹೆಚ್ಚು ಪ್ರೊಸೆಸರ್‌ಗಳ ದೊಡ್ಡ ಸರ್ವರ್‌ಗಳಿಗಾಗಿ ಯೋಜಿಸಿದ ನಾಲ್ಕು ಕೋರ್‌ಗಳ ಜಿಯಾನ್. ಹಂಚಿಕೆಯ ಬಸ್ ಅನ್ನು ಕೈಬಿಟ್ಟು, ಸಿಎಸ್ಐ ಎಂದು ಆಗ ಕರೆಯಲಾಗುತ್ತಿದ್ದ, ಮುಂದೆ ಕ್ವಿಕ್‌ಪಾತ್ ಎಂಬ ಹೆಸರು ಪಡೆದ ನೇರ ಕೊಂಡಿಗಳನ್ನು ಬಳಸುವುದು ಅದರ ಉದ್ದೇಶ. ಆಪ್ಟೆರಾನ್ ಎದುರು ಬೇಕಾಗಿದ್ದ ಮದ್ದು ಇದೇ ಎಂಬುದರಲ್ಲಿ ಅನುಮಾನವಿರಲಿಲ್ಲ.

ಆದರೆ ಈ ಯೋಜನೆಗೆ ಎರಡನೆಯ ಗುರಿಯೊಂದನ್ನು ಕಟ್ಟಲಾಗಿತ್ತು. ಅಮೆರಿಕದಲ್ಲಿ ವಿನ್ಯಾಸಗೊಳ್ಳುತ್ತಿದ್ದ ‘ಟಕ್‌ವಿಲಾ’ ಎಂಬ ಮುಂದಿನ ತಲೆಮಾರಿನ ಇಟಾನಿಯಂ ಕೂಡ ಇದೇ ಸಿಎಸ್ಐ ಬಳಸಬೇಕು; ಸರ್ವರ್ ತಯಾರಕರು ಒಂದೇ ಬಗೆಯ ಚಿಪ್‌ಸೆಟ್ ಮತ್ತು ವ್ಯವಸ್ಥೆಯ ಮೇಲೆ ಜಿಯಾನ್ ಹಾಗೂ ಇಟಾನಿಯಂ ಎರಡನ್ನೂ ಕಟ್ಟುವಂತಾಗಬೇಕು ಎಂಬುದು ಆ ಗುರಿ. ಕಾಗದದ ಮೇಲೆ ಇದು ಸೊಗಸಾದ ಯೋಚನೆ. ಜಿಯಾನ್‌ನ ದೊಡ್ಡ ಉತ್ಪಾದನಾ ಪ್ರಮಾಣದಿಂದಾಗಿ ಇಟಾನಿಯಂ ವ್ಯವಸ್ಥೆಗಳ ಬೆಲೆ ಇಳಿಯುತ್ತದೆ. ತಯಾರಕರಿಗೆ ಒಂದೇ ಮದರ್‌ಬೋರ್ಡ್ ವಿನ್ಯಾಸದ ಖರ್ಚು ಸಾಕಾಗುತ್ತದೆ. ಈ ಪ್ರಕರಣದ ಮೊದಲ ನಿರ್ಣಾಯಕ ತಿರುವು ಇದೇ ಎಂದು ನಾನು ಭಾವಿಸುತ್ತೇನೆ. ಎದುರಾಳಿಗೆ ತುರ್ತಾಗಿ ಕೊಡಬೇಕಾಗಿದ್ದ ಉತ್ತರವನ್ನು, ಎದುರಾಳಿಗೆ ಸಂಬಂಧವೇ ಇಲ್ಲದ ತನ್ನದೇ ದೀರ್ಘಕಾಲದ ಕನಸಿನ ವೇಳಾಪಟ್ಟಿಗೆ ಕಂಪನಿ ಇಲ್ಲಿ ಗಂಟುಹಾಕಿತು.

ಪ್ರೊಸೆಸರ್ ವಿನ್ಯಾಸದ ಕೆಲಸ ಬಲ್ಲವರಿಗೆ ಇದರ ಅಪಾಯ ತಟ್ಟನೆ ಹೊಳೆಯುತ್ತದೆ. ಹೊಸ ಪ್ರೊಸೆಸರ್ ಒಂದು ವಿವರಣಾಪತ್ರದಿಂದ ಆರಂಭವಾಗಿ, ತರ್ಕದ ಬರವಣಿಗೆ, ಅದರ ಪರೀಕ್ಷೆ, ಸರ್ಕ್ಯೂಟ್, ಲೇಔಟ್ ಹಂತಗಳನ್ನು ದಾಟಿ ಟೇಪ್‌ಔಟ್ ಆಗಲು, ಅಂದರೆ ತಯಾರಿಕೆಗೆ ಕಾರ್ಖಾನೆಗೆ ಹೋಗಲು, ಹಲವು ವರ್ಷ ಹಿಡಿಯುತ್ತದೆ. ಈ ಹಂತಗಳಲ್ಲಿ ಅತಿ ಹೆಚ್ಚು ಶ್ರಮ ಬೇಡುವುದು ಪರೀಕ್ಷೆ. ಕೋರ್ ಒಳಗಿನ ದೋಷವನ್ನು ಒಂದು ತಂಡ ತಾನೇ ಹುಡುಕಿ ತಾನೇ ತಿದ್ದಿಕೊಳ್ಳಬಹುದು. ಪ್ರೊಸೆಸರ್‌ಗಳ ನಡುವಿನ ಕೊಂಡಿಯ ದೋಷ ಹಾಗಲ್ಲ: ಅದರ ನಿಯಮಗಳು ಬದಲಾದರೆ ಎರಡೂ ತುದಿಯ ಚಿಪ್‌ಗಳು ಬದಲಾಗಬೇಕು, ನಡುವಿನ ಚಿಪ್‌ಸೆಟ್ ಬದಲಾಗಬೇಕು, ಮುಗಿದಿದ್ದ ಪರೀಕ್ಷೆಗಳನ್ನು ಮತ್ತೆ ನಡೆಸಬೇಕು. ಎರಡು ಖಂಡಗಳಲ್ಲಿ ಕುಳಿತ, ಎರಡು ಬೇರೆ ಬಗೆಯ ಪ್ರೊಸೆಸರ್‌ಗಳನ್ನು ರೂಪಿಸುತ್ತಿರುವ ತಂಡಗಳು ಒಂದೇ ಹೊಸ ಕೊಂಡಿಯನ್ನು ಅವಲಂಬಿಸಿದಾಗ, ಇಬ್ಬರಲ್ಲಿ ಹಿಂದೆ ಬಿದ್ದವರ ವೇಗವೇ ಇಬ್ಬರ ವೇಗವಾಗುತ್ತದೆ.

ಅಕ್ಟೋಬರ್ 2005ರ ನಿರ್ಧಾರ

ಆ ತಿಂಗಳ ಪ್ರಕಟಣೆಯಲ್ಲಿ ಮೂರು ಸಂಗತಿಗಳು ಒಟ್ಟಿಗೆ ಹೊರಬಂದವು. ‘ಮಾಂಟೆಸಿಟೊ’ ಎಂಬ ಇಟಾನಿಯಂ 2006ರ ಮಧ್ಯಭಾಗಕ್ಕೆ ಮುಂದೂಡಲ್ಪಟ್ಟಿತು. ಟಕ್‌ವಿಲಾ ಇನ್ನೂ ಹಿಂದಕ್ಕೆ, 2008ಕ್ಕೆ ಸರಿಯಿತು. ವೈಟ್‌ಫೀಲ್ಡ್ ರದ್ದಾಗಿ, ಅದರ ಜಾಗಕ್ಕೆ ‘ಟೈಗರ್‌ಟನ್’ ಎಂಬ ಬೇರೊಂದು ಪ್ರೊಸೆಸರ್ ಬಂದಿತು.

ಮೂರನ್ನೂ ಒಟ್ಟಿಗೆ ಓದಿದಾಗ ಅರ್ಥ ಸ್ಪಷ್ಟವಾಗುತ್ತದೆ. ಜೊತೆಗಾರನಾಗಬೇಕಿದ್ದ ಇಟಾನಿಯಂ ತಡವಾದ ಮೇಲೆ ಸಮಾನ ವ್ಯವಸ್ಥೆಯ ವಾದಕ್ಕೆ ಬಲವಿರಲಿಲ್ಲ. ಹೊಸ ಕೊಂಡಿಗಾಗಿ ಕಾಯುತ್ತ ಕುಳಿತರೆ ದೊಡ್ಡ ಸರ್ವರ್‌ಗಳ ಮಾರುಕಟ್ಟೆಯನ್ನು ಆಪ್ಟೆರಾನ್‌ಗೆ ಬಿಟ್ಟುಕೊಟ್ಟಂತಾಗುತ್ತಿತ್ತು. ವೈಟ್‌ಫೀಲ್ಡ್ ರದ್ದಾದ ಸುದ್ದಿ ಬಂದಾಗ ಅದನ್ನು ಭಾರತದ ವಿನ್ಯಾಸ ಸಾಮರ್ಥ್ಯದ ಸೋಲು ಎಂದು ಅರ್ಥೈಸಿದವರು ಇದ್ದರು. ಆ ಓದು ಸರಿಯಲ್ಲ ಎಂದು ಒತ್ತಿ ಹೇಳಬೇಕಾಗಿದೆ. ಚಿಪ್ ಒಂದು ತನ್ನ ಕೋರ್ ಕೆಟ್ಟದ್ದಾಗಿದ್ದರಿಂದ ನಿಲ್ಲುವುದಕ್ಕೂ, ಅದು ಕುಳಿತುಕೊಳ್ಳಬೇಕಾದ ವ್ಯವಸ್ಥೆಯೇ ಸಮಯಕ್ಕೆ ಸಿದ್ಧವಾಗದೆ ನಿಲ್ಲುವುದಕ್ಕೂ ಅಜಗಜಾಂತರವಿದೆ. ಸ್ವತಃ ಟಕ್‌ವಿಲಾ ಹೊರಬಂದದ್ದು 2010ರ ಫೆಬ್ರವರಿಯಲ್ಲಿ ಎಂಬುದನ್ನು ನೆನೆದರೆ, ಆ ಕೊಂಡಿಗೆ ಕಟ್ಟಿಕೊಂಡೇ ಇದ್ದಿದ್ದರೆ ಬೆಂಗಳೂರಿನ ತಂಡ ಎಷ್ಟು ಕಾಲ ಕಾಯಬೇಕಾಗುತ್ತಿತ್ತು ಎಂಬುದನ್ನು ಊಹಿಸಬಹುದು.

ಟೈಗರ್‌ಟನ್ ಒಂದು ರಾಜಿಯ ಪರಿಹಾರ. ಮೆಮೊರಿ ಕಂಟ್ರೋಲರ್ ಹೊರಗೇ ಉಳಿಯಿತು, ಫ್ರಂಟ್ ಸೈಡ್ ಬಸ್ ಕೂಡ ಉಳಿಯಿತು. ಆದರೆ ನಾಲ್ಕು ಪ್ರೊಸೆಸರ್‌ಗಳಿಗೆ ನಾಲ್ಕು ಪ್ರತ್ಯೇಕ ಬಸ್‌ಗಳನ್ನು ಕೊಟ್ಟು, ಯಾರ ಕ್ಯಾಷ್‌ನಲ್ಲಿ ಯಾವ ಮಾಹಿತಿ ಇದೆ ಎಂಬ ದಾಖಲೆಯನ್ನು ಚಿಪ್‌ಸೆಟ್ ತಾನೇ ಇಟ್ಟುಕೊಳ್ಳುವಂತೆ ಮಾಡಲಾಯಿತು. ಇದರಿಂದ ಅನಗತ್ಯ ವಿಚಾರಣೆಗಳು ಉಳಿದ ಪ್ರೊಸೆಸರ್‌ಗಳವರೆಗೆ ಹೋಗದೆ ಚಿಪ್‌ಸೆಟ್‌ನಲ್ಲೇ ನಿಲ್ಲುತ್ತಿದ್ದವು. ಪ್ರೊಸೆಸರ್ ಕೂಡ ಹೀಗೆಯೇ: ಎರಡು ಕೋರ್‌ಗಳ ಎರಡು ಸಿಲಿಕಾನ್ ತುಣುಕುಗಳನ್ನು ಒಂದೇ ಪ್ಯಾಕೇಜ್‌ನಲ್ಲಿಟ್ಟು ನಾಲ್ಕು ಕೋರ್ ಮಾಡಲಾಯಿತು. ಶುದ್ಧ ವಿನ್ಯಾಸದ ದೃಷ್ಟಿಯಿಂದ ಇದನ್ನು ಟೀಕಿಸಿದವರು ಬಹಳ. ಆದರೂ ಅದು 2007ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಜಿಯಾನ್ 7300 ಆಗಿ, ಮಾರಾಟಕ್ಕೆ ಸಿಕ್ಕಿತು.

ಎರಡನೆಯ ಯತ್ನ

ಈ ನಡುವಿನ ಅವಧಿಯಲ್ಲಿ ಬೆಂಗಳೂರು ಕೇಂದ್ರ ಕೈಕಟ್ಟಿ ಕುಳಿತಿರಲಿಲ್ಲ. 2007ರ ಫೆಬ್ರವರಿಯಲ್ಲಿ ಇಂಟೆಲ್ ವಿವರಿಸಿದ 80 ಕೋರ್‌ಗಳ ಸಂಶೋಧನಾ ಚಿಪ್‌ನ ವಿನ್ಯಾಸದಲ್ಲಿ ಇಲ್ಲಿನ ಎಂಜಿನಿಯರ್‌ಗಳ ದೊಡ್ಡ ಪಾಲಿತ್ತು. ಆದರೆ ಸಂಶೋಧನಾ ಚಿಪ್ ಬೇರೆ, ಬ್ಯಾಂಕು ಮತ್ತು ದೂರಸಂಪರ್ಕ ಕಂಪನಿಗಳ ಸರ್ವರ್‌ಗಳಲ್ಲಿ ವರ್ಷಗಟ್ಟಲೆ ಓಡಬೇಕಾದ ಮಾರಾಟದ ಚಿಪ್ ಬೇರೆ. ಡನಿಂಗ್‌ಟನ್ ಆ ಎರಡನೆಯ ಬಗೆಯದು.

ಡನಿಂಗ್‌ಟನ್‌ಗೆ ಕೊಟ್ಟ ಕೆಲಸದ ವ್ಯಾಪ್ತಿಯನ್ನು ವೈಟ್‌ಫೀಲ್ಡ್ ಜೊತೆ ಹೋಲಿಸಿ ನೋಡಿದರೆ ಈ ಪ್ರಕರಣದ ಹುರುಳು ಕೈಗೆ ಸಿಗುತ್ತದೆ. ಕೋರ್‌ಗಳು ಹೊಸವಲ್ಲ, 2007ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ, 45 ನ್ಯಾನೊಮೀಟರ್ ತಂತ್ರಜ್ಞಾನದ ಪೆನ್ರಿನ್ ಕೋರ್‌ಗಳು. ಸಾಕೆಟ್ ಹೊಸದಲ್ಲ, ಟೈಗರ್‌ಟನ್ ಕೂರುತ್ತಿದ್ದ ಅದೇ ಸಾಕೆಟ್. ಬಸ್ ಹೊಸದಲ್ಲ, ಚಿಪ್‌ಸೆಟ್ ಹೊಸದಲ್ಲ. ಹೊಸದಾಗಿ ಮಾಡಬೇಕಾಗಿದ್ದು ಒಂದೇ: ಎರಡೆರಡು ಕೋರ್‌ಗಳ ಮೂರು ಜೋಡಿಗಳನ್ನು ಒಂದೇ ಸಿಲಿಕಾನ್ ತುಣುಕಿನ ಮೇಲೆ ತಂದು, ಅವಕ್ಕೆಲ್ಲ 16 ಮೆಗಾಬೈಟ್‌ನ ಹಂಚಿಕೆಯ ಮೂರನೇ ಹಂತದ ಕ್ಯಾಷ್ ಕೊಟ್ಟು, ಹೊರಗಿನ ಬಸ್ ಜೊತೆ ಮಾತಾಡುವ ಭಾಗವನ್ನು ರೂಪಿಸುವುದು. ಪ್ರತಿ ಜೋಡಿಗೆ 3 ಮೆಗಾಬೈಟ್‌ನಂತೆ ಎರಡನೇ ಹಂತದ ಕ್ಯಾಷ್ ಪೆನ್ರಿನ್‌ನಿಂದಲೇ ಬಂದಿತ್ತು.

ಕೆಲಸ ಹಗುರವಾಗಿತ್ತು ಎಂದು ಇದರಿಂದ ತಿಳಿಯಬಾರದು. ಚಿಪ್‌ನಲ್ಲಿ 190 ಕೋಟಿ ಟ್ರಾನ್ಸಿಸ್ಟರ್‌ಗಳಿದ್ದವು, ವಿಸ್ತೀರ್ಣ 500 ಚದರ ಮಿಲಿಮೀಟರ್‌ಗೂ ಸ್ವಲ್ಪ ಹೆಚ್ಚು. ಟೈಗರ್‌ಟನ್‌ನ ನಾಲ್ಕು ಕೋರ್‌ಗಳ ಅತಿ ವೇಗದ ಮಾದರಿ ಬಳಸುತ್ತಿದ್ದ 130 ವ್ಯಾಟ್ ಮಿತಿಯೊಳಗೇ ಆರು ಕೋರ್‌ಗಳು ಕೆಲಸ ಮಾಡಬೇಕಿತ್ತು. ಅದಕ್ಕಾಗಿ ವೇಗವನ್ನು 2.93 ಗಿಗಾಹರ್ಟ್ಸ್‌ನಿಂದ 2.66ಕ್ಕೆ ಇಳಿಸಲಾಯಿತು. ದೊಡ್ಡ ಕ್ಯಾಷ್ ಇಡುವ ನಿರ್ಧಾರದ ಹಿಂದೆಯೂ ಬಸ್‌ನ ಇಕ್ಕಟ್ಟೇ ಇತ್ತು. ಹೊರಗಿನ ಮಾರ್ಗವನ್ನು ಅಗಲಿಸಲು ಆಗುವುದಿಲ್ಲ ಎಂದ ಮೇಲೆ ಹೊರಗೆ ಹೋಗುವ ಅಗತ್ಯವನ್ನೇ ಕಡಿಮೆ ಮಾಡಬೇಕು. ಬೇಕಾದ ಮಾಹಿತಿ ಚಿಪ್‌ನ ಒಳಗೇ ಸಿಕ್ಕಷ್ಟೂ ಬಸ್ ಮೇಲಿನ ಹೊರೆ ಇಳಿಯುತ್ತದೆ. ತಾನು ಬದಲಿಸಲಾಗದ ಮಿತಿಯನ್ನು ಒಪ್ಪಿಕೊಂಡು, ಆ ಮಿತಿಯ ಒಳಗೆ ಎಲ್ಲಿ ಶ್ರಮ ಹಾಕಿದರೆ ಫಲವಿದೆ ಎಂದು ಕಂಡುಕೊಂಡ ವಿನ್ಯಾಸವಿದು. ನನಗೆ ಇದರಲ್ಲಿ ಕಾಣುವ ಎಂಜಿನಿಯರಿಂಗ್ ವಿವೇಕ, ಹೊಚ್ಚ ಹೊಸದನ್ನು ಕಟ್ಟುವುದರಲ್ಲಿ ಇರುವುದಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಎದುರಾಳಿಯ ಕಡೆ ನಡೆದದ್ದು

ಎಎಂಡಿಯ ನಾಲ್ಕು ಕೋರ್‌ಗಳ ‘ಬಾರ್ಸಿಲೋನಾ’ ಆಪ್ಟೆರಾನ್ ಬಿಡುಗಡೆಯಾದದ್ದು 2007ರ ಸೆಪ್ಟೆಂಬರ್ 10ರಂದು, ಅಂದರೆ ಟೈಗರ್‌ಟನ್ ಬಂದ ಕೆಲವೇ ದಿನಗಳಲ್ಲಿ. ನಾಲ್ಕೂ ಕೋರ್‌ಗಳು ಒಂದೇ ಸಿಲಿಕಾನ್ ತುಣುಕಿನ ಮೇಲಿರುವುದನ್ನು ಎಎಂಡಿ ತನ್ನ ಹೆಚ್ಚುಗಾರಿಕೆಯಾಗಿ ಸಾರಿತ್ತು. ಆದರೆ ಬಿಡುಗಡೆಯ ವೇಳೆ ಸಿಕ್ಕ ಗರಿಷ್ಠ ವೇಗ 2 ಗಿಗಾಹರ್ಟ್ಸ್ ಮಾತ್ರ. ಅದರ ಬೆನ್ನಿಗೇ, ಮೆಮೊರಿ ವಿಳಾಸಗಳನ್ನು ಅನುವಾದಿಸುವ ಟಿಎಲ್‌ಬಿ ಎಂಬ ಭಾಗ ಮತ್ತು ಕ್ಯಾಷ್ ನಡುವಿನ ವ್ಯವಹಾರದಲ್ಲಿ ದೋಷವೊಂದು ಪತ್ತೆಯಾಯಿತು. ಅಪರೂಪದ ಸನ್ನಿವೇಶದಲ್ಲಿ ಮಾತ್ರ ತಲೆದೋರುವ ದೋಷವಾದರೂ ಸರ್ವರ್ ಗ್ರಾಹಕರಿಗೆ ಅಪರೂಪ ಎಂಬ ಸಮಾಧಾನ ಸಾಲದು. ಕಂಪ್ಯೂಟರ್ ಚಾಲೂ ಮಾಡುವ ಬಯಾಸ್ ತಂತ್ರಾಂಶದ ಮೂಲಕ ಅದನ್ನು ತಪ್ಪಿಸಬಹುದಿತ್ತು, ಆದರೆ ವೇಗ ಗಮನಾರ್ಹವಾಗಿ ಕುಸಿಯುತ್ತಿತ್ತು. ಹೀಗಾಗಿ ಹೆಚ್ಚಿನ ಗ್ರಾಹಕರಿಗೆ ಪೂರೈಕೆ ತಡೆಹಿಡಿಯಲ್ಪಟ್ಟು, ತಿದ್ದಿದ ಚಿಪ್‌ಗಳು 2008ರ ವಸಂತದಲ್ಲಿ ಲಭ್ಯವಾದವು.

ಆ ಆರೇಳು ತಿಂಗಳು ಇಂಟೆಲ್‌ಗೆ ಸಿಕ್ಕ ಉಚಿತ ಕಾಲಾವಕಾಶ. ಟೈಗರ್‌ಟನ್ ತನ್ನ ಯೋಗ್ಯತೆಗಿಂತ ಹೆಚ್ಚು ಸುಲಭವಾಗಿ ಉಸಿರಾಡಿತು, ಡನಿಂಗ್‌ಟನ್ ಬಂದಾಗ ಎದುರಿಗೆ ನಾಲ್ಕು ಕೋರ್‌ಗಳ ಆಪ್ಟೆರಾನ್ ಮಾತ್ರ ಇತ್ತು. ಇಂಟೆಲ್‌ನ ಗೆಲುವಿನ ಕಥೆ ಬರೆಯುವವರು ಈ ಭಾಗವನ್ನು ಸಾಮಾನ್ಯವಾಗಿ ಚಿಕ್ಕದು ಮಾಡುತ್ತಾರೆ. ಪ್ರಕರಣದಿಂದ ಪಾಠ ಕಲಿಯಬೇಕಾದವರು ಹಾಗೆ ಮಾಡಬಾರದು.

ಫಲಿತಾಂಶ

2008ರ ಹೊತ್ತಿಗೆ, ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ಬಳಸುವ ವರ್ಚುವಲೈಸೇಷನ್ ವ್ಯಾಪಕವಾಗಿ, ಹತ್ತಾರು ಹಳೆಯ ಸರ್ವರ್‌ಗಳ ಕೆಲಸವನ್ನು ಒಂದೇ ದೊಡ್ಡ ಸರ್ವರ್‌ಗೆ ತರುವುದು ದೊಡ್ಡ ಸಂಸ್ಥೆಗಳಲ್ಲಿ ರೂಢಿಯಾಗುತ್ತಿತ್ತು. ನಾಲ್ಕು ಸಾಕೆಟ್‌ಗಳಲ್ಲಿ 24 ಕೋರ್‌ಗಳನ್ನು ಕೊಡುವ ಡನಿಂಗ್‌ಟನ್ ಈ ಅಗತ್ಯಕ್ಕೆ ಸರಿಯಾಗಿ ಹೊಂದಿತು. ಟೈಗರ್‌ಟನ್ ವ್ಯವಸ್ಥೆಯನ್ನು ಹಿಂದಿನ ವರ್ಷವಷ್ಟೇ ಸಿದ್ಧಪಡಿಸಿದ್ದ ತಯಾರಕರು ಹೊಸ ಮದರ್‌ಬೋರ್ಡ್ ವಿನ್ಯಾಸಕ್ಕೆ ಖರ್ಚು ಮಾಡದೆ ಇದನ್ನು ಕೂರಿಸಬಹುದಾಗಿತ್ತು. ದೊಡ್ಡ ಸರ್ವರ್ ಕಂಪನಿಯೊಂದರ, ಎಂಟು ಡನಿಂಗ್‌ಟನ್‌ಗಳಿದ್ದ 48 ಕೋರ್‌ಗಳ ಯಂತ್ರ ಟಿಪಿಸಿ-ಸಿ ಎಂಬ ವ್ಯವಹಾರ ಪರೀಕ್ಷೆಯಲ್ಲಿ ನಿಮಿಷಕ್ಕೆ 12 ಲಕ್ಷ ವಹಿವಾಟುಗಳನ್ನು ದಾಟಿತು.

ಈ ಮುನ್ನಡೆ ದೀರ್ಘಕಾಲದ್ದಾಗಿರಲಿಲ್ಲ. 2009ರ ಮಾರ್ಚ್‌ನಲ್ಲಿ ಇಂಟೆಲ್ ತಾನೇ ತಂದ ಜಿಯಾನ್ 5500, ಒಳಗೇ ಮೆಮೊರಿ ಕಂಟ್ರೋಲರ್ ಮತ್ತು ಕ್ವಿಕ್‌ಪಾತ್ ಹೊಂದಿದ್ದರಿಂದ, ಎರಡೇ ಪ್ರೊಸೆಸರ್‌ಗಳಲ್ಲಿ ಹಲವು ಕೆಲಸಗಳಿಗೆ ಡನಿಂಗ್‌ಟನ್‌ನ ನಾಲ್ಕು ಪ್ರೊಸೆಸರ್‌ಗಳ ಸಮೀಪಕ್ಕೆ ಬಂದಿತು. ಆ ವರ್ಷದ ಜೂನ್‌ನಲ್ಲಿ ಎಎಂಡಿ ‘ಇಸ್ತಾಂಬುಲ್’ ಎಂಬ ಆರು ಕೋರ್‌ಗಳ ಆಪ್ಟೆರಾನ್ ತಂದಿತು. 2010ರ ಮಾರ್ಚ್‌ನಲ್ಲಿ ಎಂಟು ಕೋರ್‌ಗಳ ಜಿಯಾನ್ 7500 ಬಂದಾಗ ಡನಿಂಗ್‌ಟನ್‌ನ ಕಾಲ ಮುಗಿಯಿತು. ಜಿಯಾನ್ ಮತ್ತು ಇಟಾನಿಯಂ ಒಂದೇ ಚಿಪ್‌ಸೆಟ್ ಹಂಚಿಕೊಳ್ಳುವ ಹಳೆಯ ಕನಸು ನನಸಾದದ್ದು ಕೂಡ ಅದೇ ವರ್ಷ, ಟಕ್‌ವಿಲಾ ಮತ್ತು ಜಿಯಾನ್ 7500 ಎರಡು ತಿಂಗಳೊಳಗಿನ ಅಂತರದಲ್ಲಿ ಬಂದಾಗ. ಅಷ್ಟು ಹೊತ್ತಿಗೆ ಗ್ರಾಹಕರ ಒಲವು ಎಕ್ಸ್86 ಕಡೆ ಸ್ಪಷ್ಟವಾಗಿ ವಾಲಿಯಾಗಿತ್ತು.

ಪ್ರಕರಣದಿಂದ ತಿಳಿಯಬಹುದಾದದ್ದು

ವಿನ್ಯಾಸ ಯೋಜನೆಗಳನ್ನು ನಡೆಸುವವರು ಇಲ್ಲಿ ಮೊದಲು ಗಮನಿಸಬೇಕಾದದ್ದು ಅವಲಂಬನೆಗಳ ಲೆಕ್ಕ. ವೈಟ್‌ಫೀಲ್ಡ್‌ನಲ್ಲಿ ಕೊಂಡಿ, ವ್ಯವಸ್ಥೆ ಮತ್ತು ಜೊತೆಗಾರ ಪ್ರೊಸೆಸರ್ ಎಲ್ಲವೂ ಒಟ್ಟಿಗೆ ಹೊಸತಾಗಿದ್ದವು, ಅವುಗಳಲ್ಲಿ ಹೆಚ್ಚಿನವು ತಂಡದ ಹಿಡಿತದಲ್ಲಿರಲಿಲ್ಲ. ಡನಿಂಗ್‌ಟನ್‌ನಲ್ಲಿ ಹೊಸತಾಗಿದ್ದ ಒಂದೇ ಒಂದು ಭಾಗ ಸಂಪೂರ್ಣವಾಗಿ ತಂಡದ ಕೈಯಲ್ಲಿತ್ತು. ಎದುರಾಳಿ ಮುಂದೆ ಸಾಗಿರುವಾಗ ಉತ್ತರಿಸಬೇಕಾದ ಯೋಜನೆಗೆ ಈ ಎರಡನೆಯ ಆಕಾರವೇ ಒಗ್ಗುತ್ತದೆ. ಮೊದಲನೆಯದಕ್ಕೆ ಬೇಕಾದ ಬಿಡುವು ಪೈಪೋಟಿಯಲ್ಲಿ ಸಿಗುವುದಿಲ್ಲ.

ಎರಡನೆಯದು ರದ್ದತಿಯ ಬಗ್ಗೆ. ಇಂಟೆಲ್‌ನ ಇತಿಹಾಸದಲ್ಲೇ ಇದಕ್ಕೆ ಹಿಂದಿನ ಉದಾಹರಣೆಯಿದೆ. ಇಸ್ರೇಲ್‌ನ ಹೈಫಾ ಕೇಂದ್ರ ರೂಪಿಸುತ್ತಿದ್ದ ‘ಟಿಮ್ನಾ’ ಎಂಬ ಅಗ್ಗದ ಪ್ರೊಸೆಸರ್ ಒಳಗೇ ಮೆಮೊರಿ ಕಂಟ್ರೋಲರ್ ಹೊಂದಿತ್ತು; ಅದು ಅವಲಂಬಿಸಿದ್ದ ಆರ್‌ಡಿರ‍್ಯಾಮ್ ಮೆಮೊರಿಯ ಬೆಲೆ ಇಳಿಯದ ಕಾರಣ 2000ದಲ್ಲಿ ರದ್ದಾಯಿತು. ಅದೇ ಕೇಂದ್ರ 2003ರಲ್ಲಿ ಪೆಂಟಿಯಂ ಎಂ ಕೊಟ್ಟಿತು, ಇಂಟೆಲ್ ಮುಂದೆ ಎಎಂಡಿಯನ್ನು ಹಿಂದಿಕ್ಕಿದ ಕೋರ್‌ಗಳ ಬೇರು ಅಲ್ಲಿದೆ. ಹೈಫಾ ಮತ್ತು ಬೆಂಗಳೂರು ಎರಡರಲ್ಲೂ ಯೋಜನೆ ನಿಂತದ್ದು ಹೊರಗಿನ ಅವಲಂಬನೆಯಿಂದ, ಉಳಿದುಕೊಂಡದ್ದು ಒಟ್ಟಾಗಿ ಕೆಲಸ ಮಾಡಿ ಪಳಗಿದ ತಂಡ. ಆ ತಂಡಗಳನ್ನು ಚದುರಿಸದೆ, ಪೂರ್ಣ ಜವಾಬ್ದಾರಿಯ ಮತ್ತೊಂದು ಚಿಪ್ ಒಪ್ಪಿಸಿದ ನಿರ್ಧಾರಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಬೆಂಗಳೂರಿನಲ್ಲಿ ಬಿಡಿಬಿಡಿ ಭಾಗಗಳ ವಿನ್ಯಾಸ ಮಾಡಿಕೊಡುವ ಕೇಂದ್ರಗಳು ಆಗಲೂ ಬಹಳ ಇದ್ದವು. ಮಾರಾಟದ ಪ್ರೊಸೆಸರ್ ಒಂದನ್ನು ಆದಿಯಿಂದ ಟೇಪ್‌ಔಟ್‌ವರೆಗೆ ಹೊತ್ತು ಮುಗಿಸುವ ಅನುಭವ ಬೇರೆಯೇ ತೂಕದ್ದು.

ಈ ಪ್ರಕರಣವನ್ನು ಎಲ್ಲ ಕಂಪನಿಗಳಿಗೂ ಅನ್ವಯಿಸುವ ಮುನ್ನ ಒಂದು ಮಿತಿಯನ್ನು ಹೇಳಲೇಬೇಕು. ವೈಟ್‌ಫೀಲ್ಡ್ ಬಿದ್ದಾಗ ಇಂಟೆಲ್ ಬಳಿ ಟೈಗರ್‌ಟನ್ ತರಬಲ್ಲ ಶಕ್ತಿಯಿತ್ತು, ಅದರ ಹಿಂದೆ ಡನಿಂಗ್‌ಟನ್ ಕಟ್ಟುವಷ್ಟು ಹಣವಿತ್ತು, ಎಲ್ಲಕ್ಕೂ ಮುಂಚೂಣಿಯ ಕಾರ್ಖಾನೆಗಳಿದ್ದವು. ಬಾರ್ಸಿಲೋನಾ ಎಡವಿದಾಗ ಎಎಂಡಿಗೆ ಅಂಥ ಎರಡನೆಯ ಚಿಪ್ ಇರಲಿಲ್ಲ. 2006ರಲ್ಲಿ 540 ಕೋಟಿ ಡಾಲರ್ ಕೊಟ್ಟು ಗ್ರಾಫಿಕ್ಸ್ ಚಿಪ್‌ಗಳ ಎಟಿಐ ಕಂಪನಿಯನ್ನು ಕೊಂಡ ಸಾಲದ ಹೊರೆಯ ಜೊತೆಗೆ ಸರ್ವರ್ ಮಾರಾಟದ ನಷ್ಟವೂ ಸೇರಿಕೊಂಡಿತು. ಡನಿಂಗ್‌ಟನ್ ಬಿಡುಗಡೆಯಾದ ಮರುತಿಂಗಳು, 2008ರ ಅಕ್ಟೋಬರ್‌ನಲ್ಲಿ, ಎಎಂಡಿ ತನ್ನ ಚಿಪ್ ಕಾರ್ಖಾನೆಗಳನ್ನು ಪ್ರತ್ಯೇಕ ಕಂಪನಿಯಾಗಿ ಬೇರ್ಪಡಿಸುವುದಾಗಿ ಘೋಷಿಸಿತು.